ಪದ ಪರಿಚಯ: ನಾಟಿ ತಳಿ

ಊರಲ್ಲಿ ಒಬ್ಬರು ಬಾಟನಿ ಮೇಷ್ಟ್ರು ಇದ್ದರೆ ಸಾಕು, ಎಲೆಯೋ ಕಾಯಿಯೋ ಹಿಡಿದುಕೊಂಡು ಜನ ಬರುತ್ತಲೇ ಇರುತ್ತಾರೆ. ಕಾಸರಗೋಡಿನ ಕಡೆಯಂತೂ ಇದು ಜಾಸ್ತಿ. ಕಾಡುಗಿಡವಾದರೆ ಮೇಷ್ಟ್ರಿಗೆ ದಾರಿ ಗೊತ್ತು. ಹೂ ಬಿಡಿಸಿ ನೋಡುತ್ತಾರೆ, ಗಿಡ ಒಣಗಿಸಿ ಅಂಟಿಸಿಟ್ಟ ಹರ್ಬೇರಿಯಂ ಹಾಳೆಗೆ ಹೋಲಿಸುತ್ತಾರೆ, ಪ್ರಭೇದದ ಹೆಸರು ಹೇಳುತ್ತಾರೆ. ಭತ್ತದ ತೆನೆ ತಂದರೆ ಮಾತ್ರ ಫಜೀತಿ. ಅದು ಒರೈಜಾ ಸಟೈವಾ ಅಂತ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಹೆಸರಿಟ್ಟಾಗಿದೆ. ತಂದವರು ಕೇಳುತ್ತಿರುವುದು ಅದನ್ನಲ್ಲ, ಅಲ್ವಾ? ಇದು ಯಾವ ತಳಿ ಅಂತ.

ಒಂದೇ ಪ್ರಭೇದದ ಒಳಗೆ, ಒಂದು ಪ್ರದೇಶದ ಮಣ್ಣು ಮಳೆಗೆ ಒಗ್ಗಿಕೊಂಡು, ರೈತರು ತಲೆಮಾರುಗಳಿಂದ ಬೀಜ ಆರಿಸಿ ಉಳಿಸಿಕೊಂಡು ಬಂದ ಬೆಳೆಯೇ ನಾಟಿ ತಳಿ. ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ತಳಿಯಲ್ಲಿ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನಾಟಿ ತಳಿಯ ಗದ್ದೆಯಲ್ಲಿ ಒಂದು ಗಿಡ ಸ್ವಲ್ಪ ಎತ್ತರ, ಇನ್ನೊಂದು ನಾಲ್ಕು ದಿನ ತಡ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ಗದ್ದೆಗೆ ಗದ್ದೆಯೇ ಮಲಗದಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಭತ್ತವನ್ನು ಕಳೆಯಿಂದ ಬೇರೆ ಮಾಡುವುದು ಸುಲಭ. ಎಲೆ ಕಾಂಡಕ್ಕೆ ಸೇರುವ ಸಂದಿಯನ್ನು ಬೆರಳಿಂದ ಬಿಡಿಸಿ ನೋಡಿ. ಭತ್ತವಾದರೆ ಅಲ್ಲಿ ತೆಳ್ಳಗಿನ ಬಿಳಿ ಪೊರೆಯೊಂದು ಎದ್ದು ನಿಂತಿರುತ್ತದೆ. ಗದ್ದೆಯಲ್ಲಿ ಅದರ ಹಾಗೆಯೇ ಕಾಣುವ ಎಕೈನೋಕ್ಲೋವಾ ಹುಲ್ಲಿಗೆ ಆ ಪೊರೆ ಇಲ್ಲ. ಆದರೆ ತಳಿಯಿಂದ ತಳಿಯನ್ನು ಬೇರೆ ಮಾಡಲು ಒಂದು ಗುರುತು ಸಾಲದು. ಬುಡದ ಬಣ್ಣ, ಕಾಳಿನ ಮೀಸೆ, ಹೊಟ್ಟಿನ ಬಣ್ಣ, ಅಕ್ಕಿ ಕೆಂಪೋ ಬಿಳಿಯೋ, ಎಷ್ಟು ದಿನಕ್ಕೆ ಕೊಯ್ಲು, ಎಲ್ಲವನ್ನೂ ಬರೆದಿಡಬೇಕು. ಒಣಗಿಸಿ ಅಂಟಿಸಿದ ಹಾಳೆಯಲ್ಲಿ ಇದರ ಅರ್ಧವೂ ಸಿಗದು. ಅದಕ್ಕೇ ಬೆಳೆವೈವಿಧ್ಯದ ಬೆನ್ನು ಬಿದ್ದ ಮೇಷ್ಟ್ರು ಲ್ಯಾಬಿಗಿಂತ ಗದ್ದೆಯ ಹುಣಿಯಲ್ಲೇ ಜಾಸ್ತಿ ಸಿಗುತ್ತಾರೆ.

ಕಾಸರಗೋಡು ಜಿಲ್ಲೆಯ ಬೆಳ್ಳೂರು ನೆಟ್ಟಣಿಗೆಯ ರೈತ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದವರು, 2024ರಲ್ಲಿ ಪದ್ಮಶ್ರೀ ಪಡೆದವರು. ರಾಜಕಯಮೆ ಎಂಬ ಭತ್ತದ ತಳಿಯ ಹೆಸರು ಕೇಳಿದವರಿಗೆ ಅವರೂ ಗೊತ್ತಿರುತ್ತಾರೆ. ಜಾಗ ಕಡಿಮೆಯೆಂದು ಅವರು ಸಸಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸುತ್ತಾರೆ. ಭತ್ತದ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವುದರಿಂದ ಇಷ್ಟೊಂದು ತಳಿಗಳನ್ನು ಅಕ್ಕಪಕ್ಕ ಇಟ್ಟರೂ ಬೆರಕೆ ಕಡಿಮೆ. ಆದರೆ ನಮ್ಮ ಕರಾವಳಿಯ ತೇವದಲ್ಲಿ ಬೀಜ ಬಹಳ ಕಾಲ ಬಾಳದು, ಮತ್ತೆ ಮತ್ತೆ ಬಿತ್ತಲೇಬೇಕು.

ಹಲಸಿನ ಕಥೆಯೇ ಬೇರೆ. ಗಟ್ಟಿ ತೊಳೆಯದು ಬಕ್ಕೆ, ಮೆತ್ತನೆ ತೊಳೆಯದು ತುಳುವೆ ಅಂತ ನಾವು ಎರಡಾಗಿ ವಿಂಗಡಿಸಿದ್ದೇವೆ ನಿಜ. ಆದರೆ ಇದು ಪರಕೀಯ ಪರಾಗಸ್ಪರ್ಶದ ಮರ, ಅಂದರೆ ಹೆಚ್ಚಾಗಿ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುವಂಥದು. ಒಳ್ಳೆ ಬಕ್ಕೆಯ ಬೀಜ ಹಾಕಿದರೂ ತಾಯಿಯಂಥದೇ ಮರ ಬರುತ್ತದೆಂಬ ಭರವಸೆ ಇಲ್ಲ. ಮರ ಹಾಗೆಯೇ ಬೇಕಿದ್ದರೆ ಕಸಿ ಕಟ್ಟಬೇಕು.

ನಾಟಿ ತಳಿಗೆ ಕಾನೂನಿನ ಬೆಂಬಲವೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ತಳಿ ಬೇರೆಯವಕ್ಕಿಂತ ಭಿನ್ನ, ಮುಖ್ಯ ಲಕ್ಷಣಗಳಲ್ಲಿ ಸಾಕಷ್ಟು ಏಕರೂಪ, ಸ್ಥಿರ ಎಂದು ತೋರಿಸಬೇಕಾಗುತ್ತದೆ. ಆ ಫಾರಂ ತುಂಬುವಾಗ ಮೇಷ್ಟ್ರ ನೋಟ್‌ಬುಕ್ಕು ಉಪಯೋಗಕ್ಕೆ ಬರುತ್ತದೆ.