ದೂರದೂರಿನ ಮೀಟಿಂಗ್ ಯಾಕೆ ಸ್ವಾಮಿ?

‘ಸರ್, ಮೀಟಿಂಗಿಗೆ ಹೋಗ್ತೀನಿ, ಆದ್ರೆ ದಾವಣಗೆರೇಲಿ ಬೇಡ. ದುರ್ಗದಲ್ಲಿ ಎಲ್ಲಾದ್ರೂ ಇದ್ರೆ ಹೇಳಿ.’

ದಾವಣಗೆರೆಯವರು ನನ್ನಲ್ಲಿ ಕೇಳುವುದು ಹೀಗೆ. ಮೀಟಿಂಗ್ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಲು ಹೊರಟವರದೇ ಸಂಘದ ಕೂಟ. ಚಿತ್ರದುರ್ಗದಿಂದ ಬಂದವರು ದಾವಣಗೆರೆಯ ವಿಳಾಸ ಕೇಳುತ್ತಾರೆ. ಹರಿಹರದವರಿಗೆ ಹುಬ್ಬಳ್ಳಿಯೇ ಆಗಬೇಕು. ಕುಡಿತ ಬಿಡಲು ಹೊರಟವರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಎದುರುಬದುರು ಓಡಾಡಿದರೆ ಬಸ್ಸಿನವರಿಗೆ ಲಾಭ, ಅಷ್ಟೆ.

ಕಾರಣ ಕೇಳಿದರೆ ‘ಗೊತ್ತಿರೋರು ಯಾರಾದ್ರೂ ನೋಡಿಬಿಟ್ರೆ?’ ಕುಡಿದು ಬಂದದ್ದನ್ನು ಓಣಿಯ ನಾಯಿಯೂ ನೋಡಿರುತ್ತದೆ. ಬಿಡಲು ಹೊರಟದ್ದು ಮಾತ್ರ ಗುಟ್ಟಾಗಿರಬೇಕು! ನಗು ಬರುತ್ತದೆ, ಆದರೆ ಈ ನಾಚಿಕೆ ಸುಳ್ಳಲ್ಲ. ಹೆಣ್ಣು ನೋಡಲು ಹೊರಟ ಮಗ ಇರುತ್ತಾನೆ, ಅಡತಿ ಅಂಗಡಿಯ ವ್ಯವಹಾರ ಇರುತ್ತದೆ. ಬೈದು ಕಳಿಸಲಾಗದು.

ಆದರೂ ಈ ಒಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಮೀಟಿಂಗ್ ನಡೆಯುವುದು ಒಂದು, ಒಂದೂವರೆ ಗಂಟೆ. ಕುಡಿಯಬೇಕೆಂಬ ತುಡಿತ ಬರುವುದು ಆ ಹೊತ್ತಿನಲ್ಲಲ್ಲ. ಅಂಗಡಿ ಬಾಗಿಲು ಎಳೆದು ಹೊರಟಾಗ, ಸಂಜೆ ಏಳಕ್ಕೆ, ಮಂಡಕ್ಕಿ ಮೆಣಸಿನಕಾಯಿ ಮುಂದಿರುವಾಗ, ಹಳೆಯ ಗೆಳೆಯನ ಫೋನ್ ಬಂದಾಗ. ಆಗ ಬೇಕಾದವನು ಹತ್ತು ನಿಮಿಷದಲ್ಲಿ ಬೈಕ್ ಹತ್ತಿ ಬರಬಲ್ಲವನು. ಅರವತ್ತು ಕಿಲೋಮೀಟರ್ ಆಚೆಯವನು ಫೋನಿನಲ್ಲಿ ಧೈರ್ಯ ಹೇಳಿಯಾನು, ಎದುರು ಬಂದು ಕೂರಲಾರ. ಸ್ಪಾನ್ಸರ್ ಎಂದು ಕರೆಯುವ ಹಿರಿಯ ಸದಸ್ಯನ ಬೆಲೆ ತಿಳಿಯುವುದೇ ಅಂಥ ಸಂಜೆ. ಮೇಲಾಗಿ ದೂರದ ಮೀಟಿಂಗಿಗೆ ಮೊದಲ ತಿಂಗಳು ಉತ್ಸಾಹದಿಂದ ಹೋಗುತ್ತಾರೆ. ಆಮೇಲೆ ಮಳೆ, ಮದುವೆ, ಅಮಾವಾಸ್ಯೆ, ಒಂದಲ್ಲ ಒಂದು ನೆಪ.

ಈ ಸಂಘ ಹುಟ್ಟಿದ್ದೂ ಹಾಗೆಯೇ. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣಕ್ಕೆ ವ್ಯವಹಾರಕ್ಕೆಂದು ಬಂದ, ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಕೆಲಸ ಕೆಟ್ಟು, ಹೋಟೆಲಿನ ಬಾರಿನ ಸದ್ದು ಕೇಳುತ್ತ ನಿಂತಿದ್ದ. ಅದೇ ಊರಲ್ಲಿ ಮಾತಿಗೆ ಸಿಗುವ ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕಿದ್ದು ಶಸ್ತ್ರವೈದ್ಯ ಬಾಬ್ ಸ್ಮಿತ್.

ಗುರುತು ಬದಲಿಸಿ ಒಂದು ಸಂಗತಿ ಹೇಳುತ್ತೇನೆ. ಎಪಿಎಂಸಿಯ ವ್ಯಾಪಾರಿಯೊಬ್ಬರು ಒಲ್ಲದ ಮನಸ್ಸಿನಿಂದ ಊರಿನ ಮೀಟಿಂಗಿಗೇ ಹೋದರು. ಒಳಗೆ ಕೂತಿದ್ದವರು ಮಗನ ಗಣಿತದ ಮೇಷ್ಟ್ರು! ಎಷ್ಟೋ ವಾರ ಇಬ್ಬರೂ ಪರಿಚಯವೇ ಇಲ್ಲದವರಂತೆ ನಟಿಸಿದರಂತೆ. ಒಮ್ಮೆ ಮದುವೆಯೊಂದರಲ್ಲಿ ಛತ್ರದ ಹಿಂದೆ ಕಾರಿನ ಡಿಕ್ಕಿ ತೆರೆದು ಗೆಳೆಯರು ಇವರನ್ನು ಕರೆಯುತ್ತಿದ್ದಾಗ ಮೇಷ್ಟ್ರು ಕಂಡರು. ‘ಬರ್ರೀ ಸಾವ್ಕಾರ್ರೆ, ಪಂಕ್ತಿ ಹೊರಡ್ತಾ ಐತಿ’ ಎಂದು ಕೈ ಹಿಡಿದು ಊಟಕ್ಕೆ ಕೂರಿಸಿದರು. ಎಲೆಯ ಮುಂದೆ ಇಬ್ಬರೂ ಲೆಕ್ಕದಲ್ಲಿ ಹುಡುಗ ಹಿಂದೆ ಬಿದ್ದಿರುವ ಬಗ್ಗೆ ಮಾತಾಡಿದರಂತೆ. ಹುಬ್ಬಳ್ಳಿಯ ಮೀಟಿಂಗಿನವರು ಆ ಮದುವೆಗೆ ಬರುತ್ತಿದ್ದರೇ?

ಒಳಗೆ ಸಿಕ್ಕ ಪರಿಚಿತ ಮುಖಕ್ಕೂ ಮುಚ್ಚಿಡುವುದು ಅಷ್ಟೇ ಇರುತ್ತದೆ. ಎಂದೂ ಸುದ್ದಿ ಹೊರಬೀಳುವುದೇ ಇಲ್ಲ ಎಂದು ನಾನು ಬರೆದುಕೊಡಲಾರೆ, ಮನುಷ್ಯರೇ ತಾನೆ. ಆದರೆ ಅಲ್ಲಿ ಮನೆತನದ ಹೆಸರು ಕೇಳುವುದಿಲ್ಲ, ಶುಲ್ಕವಿಲ್ಲ. ಸದಸ್ಯರಾಗಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ಬಾಡಿಗೆ, ಚಹಾ ಖರ್ಚು ಸದಸ್ಯರದೇ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಕೆಲವು ಕಡೆ ಕೊಠಡಿ ಚರ್ಚ್ ಆವರಣದಲ್ಲಿರುತ್ತದೆ. ಅದು ಜಾಗ ಅಷ್ಟೆ, ಸಂಘ ಯಾವ ಮತಕ್ಕೂ ಸೇರಿದ್ದಲ್ಲ.

ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದೊಡನೆ ಕುಡಿಯುವ ಅಭ್ಯಾಸವಿದ್ದವರು, ಬಿಟ್ಟರೆ ಕೈ ನಡುಗುವವರು, ಮೀಟಿಂಗಿಗೆ ಹೋಗುವ ಹುರುಪಿನಲ್ಲಿ ಏಕಾಏಕಿ ನಿಲ್ಲಿಸಬೇಡಿ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿಯಬಹುದು. ಪ್ರಾಣಕ್ಕೂ ಅಪಾಯ. ಮೊದಲು ವೈದ್ಯರು. ‘ಮೀಟಿಂಗಿಗೆ ಬಂದ ಮೇಲೆ ಮಾತ್ರೆ ಯಾಕೆ’ ಎನ್ನುವ ಸದಸ್ಯರು ಸಿಕ್ಕರೆ ನಯವಾಗಿ ಕೇಳಿಸಿಕೊಂಡು ಆ ಮಾತು ಬಿಟ್ಟುಬಿಡಿ. ಸದಸ್ಯರು ಡಾಕ್ಟರಾಗಬಾರದು ಎಂದು ಸಂಘದ ಪುಸ್ತಿಕೆಗಳೇ ಹೇಳುತ್ತವೆ.

ಹಳ್ಳಿಯಲ್ಲಿದ್ದು ಹತ್ತಿರ ಮೀಟಿಂಗ್ ಇಲ್ಲದಿದ್ದರೆ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಕೇಳಿರುತ್ತೀರಿ. ಶಿಬಿರ ಮುಗಿದವರಿಗೆ ಊರಲ್ಲೇ ನವಜೀವನ ಸಮಿತಿ ಇರುತ್ತದೆ. ಬಹಳ ಮಂದಿ ಶಿಬಿರದ ಫೋಟೋ ಗೋಡೆಗೆ ಹಾಕಿ ಸಮಿತಿ ಮರೆಯುತ್ತಾರೆ. ಕುಡಿಯುವವರೇ ಎಲ್ಲಿಗೂ ಬರಲೊಪ್ಪದಿದ್ದರೆ ಮನೆಯವರಾದರೂ ತಮ್ಮ ಪಾಡಿಗೆ ಹೋಗಲು ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಅಲ್ಲಿ ಗಂಡನ ಕುಡಿತ ಬಿಡಿಸುವ ಉಪಾಯ ಹೇಳಿಕೊಡುವುದಿಲ್ಲ, ಆ ನಿರೀಕ್ಷೆ ಬೇಡ.

ವಿಳಾಸಕ್ಕೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಮೀಟಿಂಗಿನ ಜಾಗ, ಹೊತ್ತು ಬದಲಾಗುತ್ತಿರುತ್ತದೆ, ಹೊರಡುವ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ‘ಓಪನ್’ ಮೀಟಿಂಗಿಗೆ ಮನೆಯವರೂ ಬರಬಹುದು, ‘ಕ್ಲೋಸ್ಡ್’ ಮೀಟಿಂಗಿಗೆ ನೀವೊಬ್ಬರೇ. ಮೊದಲ ದಿನ ಬಾಯಿ ಬಿಡದೆ ಕೂತು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಹೆಸರು ಕೇಳಿದರೆ, ಹೇಳಬೇಕೆನಿಸಿದ ಹೆಸರು ಹೇಳಿ.