ದಣಪೆಗೆ ಬೇಲಿ ಹಾಕಿ ನೆಂಟರನ್ನು ಕಾದರೆ

ಶಿರಸಿಯಲ್ಲಿ ಕುಳಿತು ವೆಬ್‌ಸೈಟ್ ಕಟ್ಟಿಕೊಡುವ ನನ್ನಲ್ಲಿಗೆ ಕಳೆದ ಮಳೆಗಾಲದಲ್ಲಿ ಒಬ್ಬರು ಬಂದರು. ಜಿಲ್ಲೆಯ ಪ್ರವಾಸ ಮಾಹಿತಿ ಕೊಡುವ ಹಳೆಯ ಜಾಲತಾಣವೊಂದು ಅವರದು. ಬೇರೆಯವರಿಂದ ಹೊಸ ವಿನ್ಯಾಸ ಮಾಡಿಸಿ, ದೀಪ ಹಚ್ಚಿ ಉದ್ಘಾಟಿಸಿ ಮೂರು ವಾರವಾಗಿತ್ತು. "ಚಂದ ಇದೆ ಎಂದು ಎಲ್ಲರೂ ಹೇಳುತ್ತಾರೆ. ಬರುವವರೇ ಇಲ್ಲ ಮಾರಾಯರೆ" ಎಂದರು.

ಕಾರಣ ಸಿಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಉಂಚಳ್ಳಿ ಜಲಪಾತದ ಹಳೆಯ ಲಿಂಕ್ ಒತ್ತಿದೆ. 'ಪುಟ ಸಿಗಲಿಲ್ಲ' ಎಂದಿತು. ಯಾಣ, ಸಹಸ್ರಲಿಂಗ, ಮಾಗೋಡು, ಎಲ್ಲಕ್ಕೂ ಅದೇ ಉತ್ತರ. ಪುಟಗಳೇನೋ ಇದ್ದವು, ವಿಳಾಸ ಬದಲಾಗಿತ್ತು. ಗೂಗಲ್ ವರ್ಷಗಟ್ಟಲೆ ನೆನಪಿಟ್ಟುಕೊಂಡದ್ದು, ಯಾರೋ ವಾಟ್ಸ್‌ಆ್ಯಪ್‌ನಲ್ಲಿ ನೆಂಟರಿಗೆ ಕಳಿಸಿದ್ದು, ಎಲ್ಲವೂ ಒಂದೇ ರಾತ್ರಿಯಲ್ಲಿ ನಿರರ್ಥಕ. ಹೊಸ ಮನೆ ಕಟ್ಟಿದವರು ಹಳೆಯ ದಣಪೆಗೆ, ಅಂದರೆ ಒಳಬರುವ ದಾರಿಯ ಬಾಗಿಲಿಗೆ, ಬೇಲಿ ಬಿಗಿದು, ನೆಂಟರು ಬರಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡ ಹಾಗೆ.

ಮದ್ದು ಸರಳ, ಕೆಲಸ ಮಾತ್ರ ಬೇಸರದ್ದು. ಹಳೆಯ ವಿಳಾಸಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದರ ಎದುರು ಹೊಸದನ್ನು ಬರೆದು, ಹಳೆಯದಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ 301 ಎಂಬ ಶಾಶ್ವತ ರಿಡೈರೆಕ್ಟನ್ನು ಸರ್ವರ್‌ನಲ್ಲಿ ಹಾಕಬೇಕು. ಎಲ್ಲರನ್ನೂ ಮುಖಪುಟಕ್ಕೆ ತಳ್ಳಿ ಕೈತೊಳೆದುಕೊಳ್ಳುವವರಿದ್ದಾರೆ. ಉಂಚಳ್ಳಿ ಕೇಳಿದವರನ್ನು ಶಿರಸಿ ಬಸ್ ನಿಲ್ದಾಣದಲ್ಲಿ ಇಳಿಸಿ ಹೋದಂತೆ ಅದು. ರಿಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ನಾನಂತೂ ತೆಗೆಯುವುದೇ ಇಲ್ಲ. ಮಾರಿಕಾಂಬಾ ಜಾತ್ರೆಯ ಪುಟದ ವಿಳಾಸದಲ್ಲಿ ಇಸವಿ ಸೇರಿಸಿದ್ದರು, ಅದನ್ನೂ ಕಿತ್ತೆ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುವ ಜಾತ್ರೆಗೆ ಪ್ರತಿ ಸಲ ಹೊಸ ಪುಟ ಏಕೆ?

ಸಾಲುಗಳ ಅಂತರವನ್ನು ಇಂಗ್ಲಿಷ್ ಅಕ್ಷರ ನೋಡಿ ಇಟ್ಟಿದ್ದರು. 'ಉಂಚಳ್ಳಿ'ಯ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಕನ್ನಡದ ಒತ್ತು ಸಾಲಿನ ಕೆಳಕ್ಕೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ನಾನು ಅಕ್ಷರದ ಗಾತ್ರದ 1.7 ಪಟ್ಟು ಬಿಡುತ್ತೇನೆ.

ಮುಖಪುಟದ ಚಿತ್ರವೊಂದೇ 6 ಎಂಬಿ. ಯಾಣದ ದಾರಿಯಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಹಿಡಿದು ನಿಂತವನಿಗೆ ಅದು ತೆರೆದುಕೊಳ್ಳುವಷ್ಟರಲ್ಲಿ ಕತ್ತಲಾಗುತ್ತದೆ. ಕುಗ್ಗಿಸೋಣವೆಂದು ಚಿತ್ರವನ್ನು ತೆರೆದರೆ, ಸದಾಶಿವಗಡದಿಂದ ಕಾಣುವ ಕಾಳಿ ನದಿ. ಮೇಲೆ ಎರಡು ಸೇತುವೆ! ಹಳೆಯ ಸೇತುವೆ 2024ರ ಆಗಸ್ಟ್ 7ರಂದೇ ಕುಸಿದು ನದಿಗೆ ಬಿದ್ದಿದೆ. ಅದಕ್ಕೆ ಮೂರು ವಾರ ಮೊದಲು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತ್ತು. ಅಂಥ ಊರಿನ ಪ್ರವಾಸ ಜಾಲತಾಣದಲ್ಲಿ ರಸ್ತೆಯ ಮಾಹಿತಿ ಯಾವತ್ತಿನದು ಎಂಬ ಸುಳಿವೇ ಇರಲಿಲ್ಲ.

"ಫೋಟೋ ಚಂದ ಇತ್ತು, ಇಟ್ಟೆವು" ಎಂದರು ಅವರು.

ಪ್ರತಿ ದಾರಿಯ ಪುಟದ ತಲೆಯ ಮೇಲೆ 'ಕೊನೆಯದಾಗಿ ವಿಚಾರಿಸಿದ ದಿನಾಂಕ' ಎಂಬ ಸಾಲು ಹಾಕಿಸಿದೆ. ವಿನ್ಯಾಸ ಕೆಡುತ್ತದೆ ಎಂದು ಗೊಣಗಿದರು. ಈಗ ಜೋರು ಮಳೆ ಬಂದ ಬೆಳಿಗ್ಗೆ ದೇವಿಮನೆ ಘಟ್ಟದ ಕಡೆಯ ಅಂಗಡಿಯವರಿಗೆ ಫೋನ್ ಮಾಡಿ, ದಿನಾಂಕವನ್ನು ತಾವೇ ತಿದ್ದುತ್ತಾರೆ.