ಬಾಬಾಬುಡನ್‌ಗಿರಿ: ಒಂದು ಗುಹೆ, ಐವತ್ತು ವರ್ಷದ ಕಡತ

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಪ್ರತಿ ಡಿಸೆಂಬರ್‌ನಲ್ಲಿ ಸುದ್ದಿಗೆ ಬರುತ್ತದೆ, ಜನವರಿಗೆಲ್ಲ ಮರೆತೇಹೋಗುತ್ತದೆ. ನಡುವೆ ಕೋರ್ಟಿನ ಒಂದು ಆದೇಶ, ಸರ್ಕಾರದ ಇನ್ನೊಂದು ಆದೇಶ, ಟಿವಿಯಲ್ಲಿ ಒಂದಿಷ್ಟು ಕೂಗಾಟ. ಯಾರು ಯಾವ ಆದೇಶವನ್ನು ಪ್ರಶ್ನಿಸಿ ಯಾವ ಕೋರ್ಟಿಗೆ ಹೋದರು ಅನ್ನೋದು ವರ್ಷಗಟ್ಟಲೆ ಪೇಪರ್ ಓದಿದವರಿಗೂ ಗೋಜಲು. ಅದಕ್ಕೇ ಒಮ್ಮೆ ಬುಡದಿಂದ ನೋಡೋಣ.

ಜಾಗ ಚಂದ್ರದ್ರೋಣ ಪರ್ವತ ಸಾಲಿನಲ್ಲಿದೆ, ಮುಳ್ಳಯ್ಯನಗಿರಿಯ ನೆರೆಯಲ್ಲಿ. ಅಲ್ಲೊಂದು ಗುಹೆ. ದತ್ತಾತ್ರೇಯ ಸ್ವಾಮಿ ಇಲ್ಲೇ ತಪಸ್ಸು ಮಾಡಿ ಗುಹೆಯೊಳಗೆ ಅಂತರ್ಧಾನರಾದರು, ಮುಂದೊಂದು ದಿನ ಮತ್ತೆ ಬರುತ್ತಾರೆ ಅಂತ ಹಿಂದೂಗಳು ನಂಬುತ್ತಾರೆ. ದಾದಾ ಹಯಾತ್ ಮೀರ್ ಖಲಂದರ್ ಅನ್ನೋ ಸೂಫಿ ಸಂತರು ಇಲ್ಲಿ ನೆಲೆಸಿದ್ದರು, ಬಾಬಾ ಬುಡನ್ ಈ ಸಂತರ ಪರಂಪರೆಗೆ ಸೇರಿದವರು ಅಂತ ಮುಸ್ಲಿಮರು ನಂಬುತ್ತಾರೆ. ಈ ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಇವತ್ತು ಜಿಲ್ಲೆಯ ಅರ್ಧ ಬದುಕು ನಿಂತಿರೋದೇ ಕಾಫಿ ಮೇಲೆ ಅಲ್ವಾ.

ಹೈದರ್, ಟಿಪ್ಪು, ಮೈಸೂರು ಒಡೆಯರು ಎಲ್ಲರೂ ಇಲ್ಲಿಗೆ ದತ್ತಿ ಬಿಟ್ಟವರೇ. ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರ್‌ನಲ್ಲೂ ಇದು ಹಿಂದೂ, ಮುಸ್ಲಿಂ ಇಬ್ಬರಿಗೂ ಪವಿತ್ರವಾದ ಜಾಗ ಅಂತಲೇ ಇದೆ. ಆಡಳಿತ ತಲೆಮಾರುಗಳಿಂದ ಇದನ್ನು ನೋಡಿಕೊಂಡು ಬಂದ ಶಾಖಾದ್ರಿ ಅನ್ನೋ ಮುಸ್ಲಿಂ ಮನೆತನದ ಕೈಯಲ್ಲಿ, ಮೇಲ್ವಿಚಾರಣೆ ಮುಜರಾಯಿಯದ್ದು. ಇಷ್ಟು ಹೇಳಿದರೆ ಸುಮಾರು ಮುನ್ನೂರು ವರ್ಷ ಮುಗಿಯಿತು. ಜಗಳ ಇಲ್ಲದ ಕಾಲದ ಬಗ್ಗೆ ಬರೆಯೋಕೆ ಜಾಸ್ತಿ ಏನೂ ಸಿಗೋದಿಲ್ಲ.

ನಮ್ಮ ಕಡೆ ಇಂಥ ಜಾಗಗಳು ಅಪರೂಪವೇನಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನಿಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠದ್ದೂ ಅದೇ ದಾರಿ. ಮುದಗಲ್‌ನ ಮೊಹರಂ ಅಂದರೆ ಇಡೀ ಊರಿನ ಹಬ್ಬ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಕಟ್ಟಿಸಿದ್ದು ಬಪ್ಪ ಬ್ಯಾರಿ ಅನ್ನೋ ಮುಸ್ಲಿಂ ವ್ಯಾಪಾರಿ ಅಂತ ಐತಿಹ್ಯ. ಈ ಊರಿನವರೆಲ್ಲ ಸಹಿಷ್ಣುತೆ ಬಗ್ಗೆ ಭಾಷಣ ಕೇಳಿ ಹೀಗಾದವರಲ್ಲ. ಹರಕೆ ಇತ್ತು, ಹೋದರು, ಬಂದರು.

ಗಿರಿಯ ಕಥೆ ತಿರುಗಿದ್ದು 1975ರಲ್ಲಿ. ಅದೂ ದೇವರ ವಿಷಯಕ್ಕಲ್ಲ, ಕಡತದ ವಿಷಯಕ್ಕೆ. ಆ ವರ್ಷ ಸರ್ಕಾರ ಈ ಸಂಸ್ಥೆಯನ್ನು ಮುಜರಾಯಿಯಿಂದ ತೆಗೆದು ವಕ್ಫ್ ಮಂಡಳಿಗೆ ಕೊಟ್ಟಿತು. ಸರ್ಕಾರಿ ಲೆಕ್ಕದಲ್ಲಿ ಅದು ಒಂದು ಇಲಾಖೆಯ ಕಪಾಟಿನಿಂದ ಇನ್ನೊಂದಕ್ಕೆ ಹೋದ ಫೈಲು ಅಷ್ಟೇ. ಆದರೆ ಅಲ್ಲಿಯವರೆಗೆ ಯಾರೂ ಉತ್ತರಿಸಬೇಕಾಗಿರದ ಒಂದು ಪ್ರಶ್ನೆ ಅದರ ಜೊತೆಗೇ ಎದ್ದು ನಿಂತಿತು: ಇದು ಯಾರದ್ದು?

ಹಿಂದೂ ಭಕ್ತರು 1978ರಲ್ಲಿ ಚಿಕ್ಕಮಗಳೂರಿನ ನ್ಯಾಯಾಲಯಕ್ಕೆ ಹೋದರು. 1980ರಲ್ಲಿ ತೀರ್ಪು ಬಂತು. ಇದು ವಕ್ಫ್ ಆಸ್ತಿ ಅಲ್ಲ, ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಧಾರ್ಮಿಕ ಸಂಸ್ಥೆ, ಆಡಳಿತ ಮುಜರಾಯಿಗೇ ಹೋಗಬೇಕು ಅಂತ. ವಕ್ಫ್ ಮಂಡಳಿಯ ಮೇಲ್ಮನವಿ 1991ರಲ್ಲಿ ಹೈಕೋರ್ಟಿನಲ್ಲಿ ಬಿತ್ತು, ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲೂ ಬಿತ್ತು. ಈ ತೀರ್ಪನ್ನು ಇವತ್ತು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಓದುತ್ತಾರೆ. ಒಬ್ಬರಿಗೆ 'ವಕ್ಫ್ ಅಲ್ಲ' ಅನ್ನೋದು ಕಾಣುತ್ತದೆ, ಇನ್ನೊಬ್ಬರಿಗೆ 'ಇಬ್ಬರದ್ದೂ' ಅನ್ನೋದು ಕಾಣುತ್ತದೆ. ಎರಡೂ ಅದರಲ್ಲೇ ಇವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮುಂದಿನ ಎಲ್ಲ ಗಲಾಟೆಯ ಬೇರು ಇಲ್ಲಿದೆ. 1975ರ ಜೂನ್‌ಗೆ ಮುಂಚೆ ಏನು ಪದ್ಧತಿ ಇತ್ತೋ ಅದೇ ಮುಂದುವರಿಯಬೇಕು ಅಂತಾಯಿತು. ಕೇಳೋಕೆ ಸರಳ. ಆದರೆ ಏನಿತ್ತು? ಬಾಯಿಂದ ಬಾಯಿಗೆ, ಅಪ್ಪನಿಂದ ಮಗನಿಗೆ ಬಂದ ರೂಢಿಯನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಕೆಲಸ ಮುಜರಾಯಿ ಆಯುಕ್ತರ ಮೇಲೆ ಬಿತ್ತು. ಅವರು ವಿಚಾರಣೆ ನಡೆಸಿ 1989ರ ಫೆಬ್ರವರಿಯಲ್ಲಿ ಆದೇಶ ಕೊಟ್ಟರು. ಪಾದುಕೆಗಳಿಗೆ ಹೂವು ಏರಿಸುವುದು, ನಂದಾದೀಪ ಹಚ್ಚುವುದು, ಲೋಬಾನ ಹಾಕುವುದು, ಬಂದವರಿಗೆ ತೀರ್ಥ ಕೊಡುವುದು, ಹೋಳಿ ಆದಮೇಲೆ ಮೂರು ದಿನದ ಉರುಸ್, ಮಠದ ಸ್ವಾಮಿಗಳು ಬಂದರೆ ಸಲ್ಲಬೇಕಾದ ಮರ್ಯಾದೆ. ಇವೆಲ್ಲ ಶಾಖಾದ್ರಿಯವರ ಉಸ್ತುವಾರಿಯಲ್ಲಿ.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಪಾದುಕೆ, ನಂದಾದೀಪ, ತೀರ್ಥ ಒಂದು ಕಡೆ. ಲೋಬಾನ, ಉರುಸ್ ಇನ್ನೊಂದು ಕಡೆ. ಇಷ್ಟನ್ನೂ ಮಾಡುತ್ತಿದ್ದದ್ದು ಒಬ್ಬರೇ ಮುಜಾವರ್, ಅಂದರೆ ದರ್ಗಾದ ಸೇವೆ ನೋಡಿಕೊಳ್ಳುವವರು. ತಲೆಗೆ ಟೋಪಿ ಹಾಕಿದವರು ದತ್ತಪಾದುಕೆಗೆ ಹೂವಿಡುತ್ತಿದ್ದರು, ಹಣೆಗೆ ಕುಂಕುಮ ಇಟ್ಟವರು ಅವರ ಮುಂದೆ ಅಂಗೈ ಒಡ್ಡಿ ತೀರ್ಥ ತಗೊಳ್ಳುತ್ತಿದ್ದರು. ಹಾಗಂತ ಅಲ್ಲಿ ಎಲ್ಲರೂ ಸಮಾನರಾಗಿದ್ದರು, ಸಣ್ಣ ಕಿರಿಕಿರಿಯೂ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಗೋಡೆಯಾಚೆಯವರ ಬಗ್ಗೆ ಊಹೆ ಕಟ್ಟೋದು ಸುಲಭ, ಒಂದೇ ಕಲ್ಲಿನ ಮುಂದೆ ಸಾಲಿನಲ್ಲಿ ನಿಂತವರ ಬಗ್ಗೆ ಅಷ್ಟು ಸುಲಭ ಅಲ್ಲ ಅಂತಷ್ಟೇ.

ತೊಂಬತ್ತರ ದಶಕದಲ್ಲಿ ದೇಶದ ಗಾಳಿಯೇ ಬದಲಾಗಿತ್ತು, ಅಯೋಧ್ಯೆ ಆಗಿತ್ತು. 1998ರ ಹೊತ್ತಿಗೆ ವಿಶ್ವ ಹಿಂದೂ ಪರಿಷತ್, ಬಜರಂಗದಳದ ದತ್ತ ಜಯಂತಿ ಕಾರ್ಯಕ್ರಮಗಳು ದೊಡ್ಡದಾದವು. ಅಯ್ಯಪ್ಪ ಮಾಲೆಯ ಹಾಗೆ ದತ್ತಮಾಲೆ ಬಂತು, ಇರುಮುಡಿ ಬಂತು, ಊರಲ್ಲಿ ಮನೆಮನೆಗೆ ಹೋಗಿ ಪಡಿ ಸಂಗ್ರಹ, ಪೇಟೆಯಲ್ಲಿ ಶೋಭಾಯಾತ್ರೆ, ಹೆಣ್ಣುಮಕ್ಕಳ ಅನಸೂಯಾ ಜಯಂತಿ. ಬೇಡಿಕೆ ಏನಂದರೆ ಪೀಠ ಹಿಂದೂಗಳದ್ದು, ಹಿಂದೂ ಅರ್ಚಕರೇ ಇರಬೇಕು. ದರ್ಗಾ ಇರೋದು ನಾಗೇನಹಳ್ಳಿಯಲ್ಲಿ, ಈ ಗುಹೆ ಬೇರೆ, ಎರಡನ್ನೂ ಸುಮ್ನೆ ಸೇರಿಸಿದ್ದಾರೆ ಅನ್ನೋ ವಾದವೂ ಹುಟ್ಟಿಕೊಂಡಿತು. ಎದುರಿಗೆ ಕೋಮು ಸೌಹಾರ್ದ ವೇದಿಕೆ ಬಂತು. 2003ರ ಡಿಸೆಂಬರ್‌ನಲ್ಲಿ ಸೌಹಾರ್ದ ಸಮಾವೇಶಕ್ಕೆ ಬಂದವರನ್ನು ಪೊಲೀಸರು ಬಂಧಿಸಿದರು, ಅವರಲ್ಲಿ ಗಿರೀಶ್ ಕಾರ್ನಾಡ, ಗೌರಿ ಲಂಕೇಶ್ ಇದ್ದರು. 2017ರಲ್ಲಿ ಬೇಲಿ ದಾಟಿ ಗೋರಿಗಳಿಗೆ ಹಾನಿ ಮಾಡಿದ ಘಟನೆ ನಡೆಯಿತು. ಈ ಇಪ್ಪತ್ತು ವರ್ಷದಲ್ಲಿ ಗಿರಿ ಹತ್ತಿದ ಬಹಳ ಜನಕ್ಕೆ ಗುಹೆಗಿಂತ ಹೆಚ್ಚು ನೆನಪಿರೋದು ಬ್ಯಾರಿಕೇಡ್.

ಕೋರ್ಟಿನ ದಾರಿ ಇನ್ನೊಂದು ಕಡೆ ಸಾಗುತ್ತಲೇ ಇತ್ತು. 2010ರಲ್ಲಿ ಮುಜರಾಯಿ ಆಯುಕ್ತರು ಮತ್ತೆ ವರದಿ ಕೊಟ್ಟರು, ಈ ಸಲ ಅದರಲ್ಲಿ ಹಿಂದೂ ಅರ್ಚಕರ ನೇಮಕದ ಮಾತಿತ್ತು. 1989ರ ಆದೇಶ ಕೊಟ್ಟದ್ದೂ ಅದೇ ಕಚೇರಿ ಅನ್ನೋದು ಗಮನಿಸಿ. 2015ರಲ್ಲಿ ಸುಪ್ರೀಂ ಕೋರ್ಟ್, ಈ ವರದಿ ಬಗ್ಗೆ ನೀವೇ ತೀರ್ಮಾನ ಮಾಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ನಾಗಮೋಹನ್ ದಾಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿ, ಅದರ ಸಲಹೆಯಂತೆ 2018ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ಹಳೇ ಪದ್ಧತಿಯೇ ಇರಲಿ, ಶಾಖಾದ್ರಿಯವರು ನೇಮಿಸಿದ ಮುಜಾವರ್ ಮಾತ್ರ ಗರ್ಭಗುಡಿಗೆ ಹೋಗಲಿ, ಇಬ್ಬರಿಗೂ ಅವರೇ ತೀರ್ಥ ಕೊಡಲಿ ಅಂತ.

2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಈ ಆದೇಶವನ್ನು ರದ್ದು ಮಾಡಿತು. ಕೊಟ್ಟ ಕಾರಣ ಎರಡು. ಹಿಂದೂಗಳು ತಮ್ಮ ಪದ್ಧತಿಯಲ್ಲಿ ಪೂಜೆ ಮಾಡೋಕೆ ಅವಕಾಶ ಸಿಗುತ್ತಿಲ್ಲ ಅನ್ನೋದು ಮೊದಲನೆಯದು. ಎರಡನೆಯದು, ಪಾದುಕೆ ಪೂಜೆ ಮಾಡು, ನಂದಾದೀಪ ಹಚ್ಚು ಅಂತ ಮುಜಾವರ್‌ಗೆ ಹೇಳೋದು ಅವರ ನಂಬಿಕೆಗೆ ವಿರುದ್ಧವಾಗಿ ಬಲವಂತ ಮಾಡಿದಂತೆ. ಸಂವಿಧಾನದ 25ನೇ ವಿಧಿಯ ಪ್ರಕಾರ ಇಬ್ಬರ ಹಕ್ಕೂ ಮುರಿಯಿತು ಅಂತ.

ಈ ಎರಡನೇ ಕಾರಣ ನನ್ನನ್ನು ತುಂಬಾ ಕಾಡಿದೆ. ಒಬ್ಬ ವ್ಯಕ್ತಿಯ ಧರ್ಮಸ್ವಾತಂತ್ರ್ಯದ ಲೆಕ್ಕದಲ್ಲಿ ನೋಡಿದರೆ ಆ ಮಾತು ಸರಿಯೇ, ಯಾರನ್ನೂ ಪೂಜೆ ಮಾಡು ಅಂತ ಸರ್ಕಾರ ದಬಾಯಿಸೋ ಹಾಗಿಲ್ಲ. ಆದರೆ ಆದೇಶ ಬರೋಕೆ ಎಷ್ಟೋ ಮುಂಚಿನಿಂದ ಆ ದೀಪ ಉರಿಯುತ್ತಿತ್ತು, ಹಚ್ಚುತ್ತಿದ್ದವರು ಮುಜಾವರರೇ, ಹಚ್ಚಿ ಅಂತ ಆಗ ಯಾವ ಸರ್ಕಾರವೂ ಹೇಳಿರಲಿಲ್ಲ. ನಮ್ಮ ಕಾನೂನಿನಲ್ಲಿ ಹಿಂದೂವಿಗೆ ಒಂದು ಕಾಲಂ ಇದೆ, ಮುಸ್ಲಿಮನಿಗೆ ಒಂದು ಕಾಲಂ ಇದೆ. ಎರಡರಲ್ಲೂ ಒಂದೊಂದು ಕಾಲಿಟ್ಟು ನಿಂತವರಿಗೆ ಕಾಲಂ ಇಲ್ಲ. ವಕೀಲರು ಕೇಸು ಗೆಲ್ಲಬೇಕಾದರೆ ತಮ್ಮ ಕಕ್ಷಿದಾರರು ಪೂರ್ತಿ ಇತ್ತಲಾಗೋ ಅತ್ತಲಾಗೋ ಇದ್ದಾರೆ ಅಂತ ತೋರಿಸಲೇಬೇಕು, ಹಾಗೆ ತೋರಿಸುತ್ತಾ ತೋರಿಸುತ್ತಾ ಜನರೂ ನಿಧಾನಕ್ಕೆ ಹಾಗೇ ಆಗಿಬಿಡುತ್ತಾರೆ.

ಮುಂದಿನದು ಹತ್ತಿರದ ಕಾಲದ್ದು, ಬೇಗ ಹೇಳಬಹುದು. ಸರ್ಕಾರ ಬದಲಾಗಿತ್ತು. ಸಚಿವ ಸಂಪುಟದ ಉಪಸಮಿತಿ ಮುಜಾವರ್ ಜೊತೆಗೆ ಹಿಂದೂ ಅರ್ಚಕರೂ ಇರಲಿ ಅಂದಿತು. 2022ರ ಕೊನೆಗೆ 8 ಮಂದಿಯ ವ್ಯವಸ್ಥಾಪನಾ ಸಮಿತಿ ಬಂತು, ಆ ಡಿಸೆಂಬರ್‌ನ ದತ್ತ ಜಯಂತಿಗೆ ಅರ್ಚಕರೇ ಪೂಜೆ ಮಾಡಿದರು. ಶಾಖಾದ್ರಿಯವರ ಮೇಲ್ಮನವಿಯನ್ನು ಹೈಕೋರ್ಟಿನ ವಿಭಾಗೀಯ ಪೀಠ 2023ರ ಮಾರ್ಚ್‌ನಲ್ಲಿ ವಜಾ ಮಾಡಿತು. ಒಬ್ಬರು ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರು, ಅವರವರ ಭಕ್ತರಿಗೆ ಅವರವರು. ಇದು ನ್ಯಾಯ ಅಂತ ಕೆಲವರು, ಪಾಲು ಅಂತ ಕೆಲವರು. ನನಗನ್ನಿಸುವುದು ಏನಂದರೆ, 1980ರ ತೀರ್ಪು 'ಇಬ್ಬರೂ ನಡೆದುಕೊಳ್ಳುವ ಜಾಗ' ಅಂದಾಗ ಆಗಿನ ಭಕ್ತರಿಗೆ ಅದರಲ್ಲಿ ಹೊಸದೇನೂ ಕಂಡಿರಲಿಕ್ಕಿಲ್ಲ, ಈಗ ಅದೇ ಮಾತು ಹೇಳೋಕೆ ಹತ್ತು ವಿವರಣೆ ಬೇಕು.

ಇದನ್ನೆಲ್ಲ ಓದಿ ಒಮ್ಮೆ ಕಣ್ಣಾರೆ ನೋಡಿ ಬರೋಣ ಅಂತ ಹೊರಡುವವರಿಗೆ ಒಂದು ಮಾತು. ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರನ್ನು ಗಿರಿಗೆ ಬಿಡುವುದಿಲ್ಲ, ಮುಳ್ಳಯ್ಯನಗಿರಿ ಕಡೆಗೂ ನಿರ್ಬಂಧ ಇರುತ್ತದೆ. ರೂಮು ಬುಕ್ ಮಾಡೋಕೆ ಮುಂಚೆ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. ಹೋಳಿ ಆದಮೇಲಿನ ಉರುಸ್‌ಗೆ ಹೋಗೋದಾದರೂ ಅಷ್ಟೇ, ಮೊದಲೇ ವಿಚಾರಿಸಿ.